ರ‍್ಯಾಮ್ ಹಾಕಿದೆ, ವಾರಂಟಿಯೂ ಉಳಿಯಿತು

ಗೇಮ್ ಆಡುವಾಗ ನನ್ನ ಲ್ಯಾಪ್‌ಟಾಪ್ ತಡವರಿಸುತ್ತಿತ್ತು. ಟಾಸ್ಕ್ ಮ್ಯಾನೇಜರ್ ನೋಡಿದರೆ 8 ಜಿಬಿ ರ‍್ಯಾಮ್ ತುಂಬಿಹೋಗಿತ್ತು, ಇನ್ನೊಂದು ಸ್ಲಾಟ್ ಖಾಲಿ. ಆದರೆ ಮುಚ್ಚಳ ಬಿಚ್ಚಿದರೆ ವಾರಂಟಿ ಹೋಗುತ್ತಲ್ವಾ ಅನ್ನೋ ಭಯ. ಕಂಪನಿಗೆ ಇಮೇಲ್ ಬರೆದೆ. ರ‍್ಯಾಮ್ ನೀವೇ ಹಾಕಬಹುದು, ಹಾಕುವಾಗ ಏನಾದರೂ ಮುರಿದರೆ ಮಾತ್ರ ನಮ್ಮ ಹೊಣೆಯಲ್ಲ ಅಂತ ಉತ್ತರ ಬಂತು. ಆ ಇಮೇಲ್ ಜೋಪಾನವಾಗಿ ಇಟ್ಟಿದ್ದೇನೆ. ಬಾಯಿಮಾತು ಸಾಲದು.

ಚಾರ್ಜರ್ ತೆಗೆದು, ಬ್ಯಾಟರಿ ಕನೆಕ್ಟರ್ ಬಿಡಿಸಿ, ಡಿಡಿಆರ್5 ಅನ್ನೋ ಬಗೆಯ ಹೊಸ ರ‍್ಯಾಮ್ ಸ್ಟಿಕ್ಕನ್ನು ಓರೆಯಾಗಿ ತೂರಿಸಿ ಒತ್ತಿದೆ. ಎರಡೂ ಬದಿಯ ಕ್ಲಿಪ್ ಟಕ್ ಅಂತ ಕೂತವು. ಆನ್ ಮಾಡಿದರೆ ಪರದೆ ಕಪ್ಪು! ಎದೆ ಧಸಕ್ಕೆಂದಿತು. ಆಫ್ ಮಾಡದೆ ಸುಮ್ನೆ ಕಾದೆ. ಡಿಡಿಆರ್5 ಹೊಸದಾಗಿ ಹಾಕಿದಾಗ ಮೊದಲ ಸಲ ಮೆಮೊರಿ ಟ್ರೇನಿಂಗ್, ಅಂದರೆ ಲ್ಯಾಪ್‌ಟಾಪ್ ಹೊಸ ರ‍್ಯಾಮ್‌ಗೆ ಹೊಂದಿಕೊಳ್ಳುವ ಕೆಲಸ, ನಡೆಯುತ್ತದೆ, ಅದಕ್ಕೆ ಕೆಲವು ನಿಮಿಷ ಬೇಕಾಗಬಹುದು. ಕೊನೆಗೆ ಲೋಗೋ ಮೂಡಿತು. ಈಗ 16 ಜಿಬಿ, ಡ್ಯುಯಲ್ ಚಾನೆಲ್, ಅಂದರೆ ಎರಡೂ ಸ್ಟಿಕ್ ಒಟ್ಟಿಗೇ ಕೆಲಸ ಮಾಡುತ್ತವೆ.