ಬಾಯ್ಲರ್ ಉರಿಯುತ್ತಿರುವಾಗಲೇ ಕ್ಯಾಟಲಿಸ್ಟ್‌ನ ಬೂದಿ ತೆಗೆಯುವುದು ಹೇಗೆ?

ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹೊಗೆಗೆ ಅಮೋನಿಯಾ ಬೆರೆಸಿ, ಅದರಲ್ಲಿನ ನೈಟ್ರೋಜನ್ ಆಕ್ಸೈಡುಗಳನ್ನು ನೈಟ್ರೋಜನ್ ಮತ್ತು ನೀರಾಗಿ ಬದಲಿಸುವುದು ಎಸ್‌ಸಿಆರ್ ಘಟಕದ ಕೆಲಸ. ಈ ಕ್ರಿಯೆಯನ್ನು ಚುರುಕುಗೊಳಿಸಲು ಒಳಗಿರುವ ಕ್ಯಾಟಲಿಸ್ಟ್ (ವೇಗವರ್ಧಕ) ಜೇನುಗೂಡಿನಂತಿರುತ್ತದೆ. ಕಿಂಡಿಗಳು ಕೆಲವೇ ಮಿಲಿಮೀಟರ್ ಅಗಲ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ 30ರಿಂದ 45ರಷ್ಟು ಬೂದಿಯೇ. ಕಿಂಡಿ ಕಟ್ಟದೆ ಇರುತ್ತದೆಯೇ?

ಮೊದಲು ಮೀಟರನ್ನೇ ಅನುಮಾನಿಸಿ. ಕ್ಯಾಟಲಿಸ್ಟ್ ಪದರದ ಮೇಲಿನ ಮತ್ತು ಕೆಳಗಿನ ಒತ್ತಡದ ವ್ಯತ್ಯಾಸ, ಅಂದರೆ ಡಿಪಿ, ಏರುತ್ತಿದ್ದರೆ ಕಿಂಡಿ ಕಟ್ಟುತ್ತಿದೆ ಎಂದರ್ಥ. ಆದರೆ ಡಿಪಿ ಅಳೆಯುವ ಸಣ್ಣ ಕೊಳವೆಯಲ್ಲೂ ಬೂದಿ ಕೂರುತ್ತದೆ. ಅದಕ್ಕೆ ಗಾಳಿ ಊದಿ, ಆಮೇಲೆ ಓದಿದ ಅಂಕಿಯನ್ನಷ್ಟೇ ನಂಬಿ. ಹೋಲಿಕೆಯೂ ಒಂದೇ ಲೋಡ್‌ನಲ್ಲಿ, ಅಂದರೆ ಒಂದೇ ಪ್ರಮಾಣದ ವಿದ್ಯುತ್ ಉತ್ಪಾದನೆಯಲ್ಲಿರಲಿ. ಹೊಗೆಯ ಹರಿವು ಇಳಿದರೆ ಡಿಪಿಯೂ ತಾನಾಗಿ ಇಳಿಯುತ್ತದೆ. ರಾತ್ರಿ ಲೋಡ್ ಇಳಿದಾಗಿನ ಅಂಕಿ ನೋಡಿ ‘ಎಲ್ಲ ಕ್ಲೀನ್’ ಎಂದು ಲಾಗ್‌ಬುಕ್ಕಿನಲ್ಲಿ ಬರೆದಿಟ್ಟರೆ ಬೆಳಗಿನ ಪಾಳಿಯವರಿಗೆ ಶಾಪ.

ಎರಡನೆಯದು ಸೋನಿಕ್ ಹಾರ್ನ್. ಒಣ ಗಾಳಿಯ ಒತ್ತಡಕ್ಕೆ ಅದರ ಲೋಹದ ತಗಡು ಕಂಪಿಸಿ ತಗ್ಗುದನಿಯಲ್ಲಿ ಗುಡುಗುತ್ತದೆ. ಕೆಲವು ಸೆಕೆಂಡು ಕೂಗು, ಕೆಲವು ನಿಮಿಷ ಬಿಡುವು, ಹಗಲೂ ರಾತ್ರಿ. ಹಿಟ್ಟು ಜರಡಿ ಹಿಡಿಯುವಾಗ ಅಂಚಿಗೆ ತಟ್ಟುತ್ತೇವಲ್ಲ, ಹಾಗೆ. ಸಡಿಲ ಬೂದಿಯನ್ನು ಕೂರಲು ಬಿಡದು, ಗಟ್ಟಿಯಾದದ್ದನ್ನು ಒಡೆಯದು. ಡಿಪಿ ಏರಿದ ಮೇಲೆ ಹಾರ್ನ್ ಹಾಕಿದರೆ ಬರೀ ಸದ್ದು. ಬಾಯ್ಲರ್ ಹೊತ್ತಿಸಿದ ದಿನದಿಂದಲೇ ಅದು ಕೂಗುತ್ತಿರಬೇಕು.

ಕೂತ ಬೂದಿಗೆ ಸೂಟ್ ಬ್ಲೋವರ್, ಅಂದರೆ ಹಬೆ ಊದಿ ಬೂದಿ ಹಾರಿಸುವ ಸಾಧನ ಬೇಕು. ಎಡವಟ್ಟಾಗುವುದು ಇಲ್ಲೇ. ಹಬೆ ಬಿಡುವ ಮುನ್ನ ಡ್ರೈನ್ ವಾಲ್ವ್ ತೆರೆದು ದೂರ ನಿಂತು ಕಾಯಿರಿ. ಮೊದಲು ನೀರು ಉಗುಳುತ್ತದೆ, ನಂತರ ಬೆಳ್ಳಗಿನ ಒದ್ದೆ ಹಬೆ, ಕೊನೆಗೆ ಕೊಳವೆಯ ಬಾಯಲ್ಲಿ ಕಣ್ಣಿಗೇ ಕಾಣದ ಒಣ ಹಬೆ. ಲೈನಿನ ತಾಪಮಾನವೂ ಅದನ್ನೇ ಹೇಳಬೇಕು. ಆ ಕೆಲವು ನಿಮಿಷ ಉಳಿಸಲು ಹೋದರೆ ನೀರಹನಿ ಸೇರಿ ಬೂದಿ ಸಿಮೆಂಟಿನಂತಾಗುತ್ತದೆ, ಬಿಸಿ ಕ್ಯಾಟಲಿಸ್ಟ್ ಬಿರುಕು ಬಿಡಬಹುದು. ಒಮ್ಮೆಗೆ ಒಂದೇ ಬ್ಲೋವರ್, ಮೇಲಿನ ಪದರದಿಂದ ಕೆಳಕ್ಕೆ. ತಯಾರಕರು ಹೇಳಿದ್ದಕ್ಕಿಂತ ಒತ್ತಡ ಹೆಚ್ಚಿಸಿದರೆ ಬೂದಿಯ ಜೊತೆ ಕ್ಯಾಟಲಿಸ್ಟೂ ಸವೆಯುತ್ತದೆ. ಕೆಳಗೆ ಬೂದಿ ಬೀಳುವ ತೊಟ್ಟಿ, ಅಂದರೆ ಹಾಪರ್, ಖಾಲಿಯಿದೆಯೇ ನೋಡಿಕೊಳ್ಳಿ.

ಬಹಳ ದಿನ ಕಡಿಮೆ ಲೋಡ್‌ನಲ್ಲಿ ಓಡಿಸಿದ್ದರೆ ಅಮೋನಿಯಾ ಹೊಗೆಯಲ್ಲಿನ ಗಂಧಕದ ಆಕ್ಸೈಡಿನೊಂದಿಗೆ ಸೇರಿ ಆಗುವ ಅಂಟಂಟಾದ ಲವಣ, ಅಮೋನಿಯಂ ಬೈಸಲ್ಫೇಟ್, ಕೂತಿರಬಹುದು. ಅದಕ್ಕೆ ಬಿಸಿಯೇ ಮದ್ದು: ಲೋಡ್ ಏರಿಸಿ ಹೊಗೆಯನ್ನು 350 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲವು ಗಂಟೆ ಹಿಡಿದರೆ ಆವಿಯಾಗುತ್ತದೆ. ಆವಿಯಾದದ್ದು ಮುಂದಿನ ಏರ್ ಪ್ರಿಹೀಟರಿನಲ್ಲಿ, ಅಂದರೆ ಬಾಯ್ಲರಿಗೆ ಹೋಗುವ ಗಾಳಿಯನ್ನು ಹೊಗೆಯ ಬಿಸಿಯಿಂದ ಕಾಯಿಸುವ ಘಟಕದಲ್ಲಿ, ಮತ್ತೆ ಅಂಟಿಕೊಳ್ಳುತ್ತದೆ. ಅಲ್ಲಿಯ ಬ್ಲೋವರನ್ನೂ ಓಡಿಸಿ.

ಡಿಪಿ ಸರಿಯಿದ್ದೂ ಬಳಕೆಯಾಗದ ಅಮೋನಿಯಾ ಹೊರಬರುವುದು ಹೆಚ್ಚುತ್ತಿದ್ದರೆ, ಆರ್ಸೆನಿಕ್‌ನಂಥ ವಿಷದಿಂದ ಕ್ಯಾಟಲಿಸ್ಟ್ ಸೋತಿರಬಹುದು. ಅದಕ್ಕೆ ಊದಿ ಫಲವಿಲ್ಲ. ಕಿಂಡಿಗಿಂತ ದಪ್ಪನೆಯ, ಮಂಡಕ್ಕಿಯಂಥ ಬೂದಿಯುಂಡೆ ಸಿಕ್ಕಿಕೊಂಡಿದ್ದರೂ ಅಷ್ಟೇ. ಇಣುಕಿ ನೋಡೋಣವೆಂದು ಓಡುವ ಘಟಕದ ಮ್ಯಾನ್‌ಹೋಲ್ ಮಾತ್ರ ತೆರೆಯಬೇಡಿ. ಘಟಕ ನಿಲ್ಲಿಸಿ ದುರಸ್ತಿ ಮಾಡುವ ಮುಂದಿನ ಓವರ್‌ಹಾಲ್‌ನಲ್ಲಿ, ಒಳಗೆ ತಣ್ಣಗಾದ ಮೇಲೆ, ವ್ಯಾಕ್ಯೂಮ್ ಪೈಪ್ ಹಿಡಿದು ಕೈಯಾರೆ ತೆಗೆಯುವ ಕೆಲಸವದು.