ಅಡಿಗರ 'ಭೂತ' ಇಟ್ಕೊಂಡು ವಿಮರ್ಶೆ ಬರೆಯೋದು ಹೇಗೆ

ಕಿರುಪ್ರಬಂಧಕ್ಕೆ ಕವಿ ಗೋಪಾಲಕೃಷ್ಣ ಅಡಿಗರನ್ನ ತಗೊಂಡಿದೀನಿ ಅಂತ ಹೇಳೋ ಹುಡುಗ ಹುಡುಗೀರು ನಂಗೆ ಹಾಸನದಲ್ಲಿ ಆಗಾಗ ಸಿಗ್ತಾರೆ, ಸಿಕ್ಕಿದೋರೆಲ್ಲ ಮೊದಲು ಕೇಳೋದು ಸರ್ ಯಾವ ವಿಮರ್ಶೆ ಪುಸ್ತಕ ಓದ್ಲಿ ಅಂತ. ಸದ್ಯಕ್ಕೆ ಯಾವ್ದೂ ಬೇಡ. ನಾನು ಓದುವಾಗ ಮೊದಲ ಡ್ರಾಫ್ಟ್ ಪೂರ್ತಿ ವಿಮರ್ಶಕರ ಮಾತಲ್ಲೇ ತುಂಬಿಸಿದ್ದೆ, ಗೈಡ್ ಅದನ್ನ ವಾಪಸ್ ಕೊಟ್ಟು ಇದ್ರಲ್ಲಿ ಕವಿತೆ ಎಲ್ಲಪ್ಪಾ ಅಂದ್ರು, ಆ ಪ್ರಶ್ನೆ ಇವತ್ತಿಗೂ ಮರೆತಿಲ್ಲ.

ಒಂದೇ ಕವಿತೆ ಆರಿಸ್ಕೊಳ್ಳಿ. 1946ರ 'ಭಾವತರಂಗ'ದಿಂದ 1990ರ 'ಸುವರ್ಣ ಪುತ್ಥಳಿ'ವರೆಗೆ ಎಲ್ಲಾ ಹೇಳ್ತೀನಿ ಅಂತ ಹೊರಟ್ರೆ ಅದು ಪಟ್ಟಿ ಆಗುತ್ತೆ ಅಷ್ಟೇ. ನನ್ನ ಆಯ್ಕೆ 'ಭೂತ', 1959ರ 'ಭೂಮಿಗೀತ' ಸಂಕಲನದ್ದು. ಮೊದಲ ಸಾಲನ್ನ ಬಾಯಿಬಿಟ್ಟು ಓದಿ, ಒಂದ್ಸಲ ಅಲ್ಲ ಹತ್ತು ಸಲ: "ಕಾಡುತಿವೆ ಭೂತಕಾಲದ ಭ್ರೂಣಗೂಢಗಳು". ಈಗ ಪೆನ್ಸಿಲ್ ತಗೊಂಡು ಪ್ರಸ್ತಾರ ಹಾಕಿ, ಅಂದ್ರೆ ಪ್ರತಿ ಅಕ್ಷರ ಗುರುವೋ (ಎರಡು ಮಾತ್ರೆ) ಲಘುವೋ (ಒಂದು ಮಾತ್ರೆ) ಅಂತ ಗುರುತು ಹಾಕಿ. ಕಾಡುತಿವೆ ಐದು ಮಾತ್ರೆ, ಭೂತಕಾ ಐದು, ಲದಭ್ರೂಣ ಅನ್ನೋ ಕಡೆ ಒತ್ತಕ್ಷರ ನೋಡಿ 'ದ'ಗೆ ಗುರು ಹಾಕಿಬಿಟ್ರೆ ಆರಾಗುತ್ತೆ, ಆದ್ರೆ ಪದ ಬೇರೆ, ಬಾಯಲ್ಲಿ ಅದು ಲಘುವಾಗೇ ಬರುತ್ತೆ, ಅಲ್ಲಿಗೆ ಐದು, ಗೂಢಗಳು ಮತ್ತೆ ಐದು. ನವ್ಯರು, ಅಂದ್ರೆ ಅಡಿಗರ ದಾರಿಯ ಹೊಸ ಕಾವ್ಯದೋರು, ಛಂದಸ್ಸು ಬಿಟ್ಟೇಬಿಟ್ರು ಅಂತ ನೋಟ್ಸಲ್ಲಿ ಬರ್ಕೊಂಡಿದ್ರೆ ಅದನ್ನ ಈಗಲೇ ಹೊಡೆದುಹಾಕಿ. ಇನ್ನೊಂದು ನೋಡಿ, 'ಕಾಲ' ಅನ್ನೋ ಪದ ಗಣದ (ಈ ಐದೈದು ಮಾತ್ರೆ ಗುಂಪಿನ) ಅಂಚಲ್ಲಿ ಒಡೆದು ಅದರ 'ಲ' ಭ್ರೂಣದ ಗಣದೊಳಕ್ಕೆ ಹೋಗಿ ಕೂತಿದೆ, ಮುಗಿದುಹೋಯ್ತು ಅಂದ್ಕೊಂಡ ಕಾಲ ಇನ್ನೂ ಹುಟ್ಟದೇ ಇರೋದರ ಜೊತೆ ಬೆರೆತಿದೆ ಅನ್ನೋದನ್ನ ಲಯವೇ ಹೇಳ್ತಾ ಇದೆ. ಇಂಥದ್ದೊಂದು ಸಿಕ್ರೆ ಎರಡು ಪುಟ ಬರೀಬಹುದು, ಯಾರ ಸಹಾಯವೂ ಬೇಡ.

ಆಮೇಲೆ ಪದಗಳು. ಭೂತ ಅಂದ್ರೆ ಕಳೆದ ಕಾಲ, ದೆವ್ವ, ಪಂಚಭೂತ, ಜೊತೆಗೆ ಅಡಿಗರು ಹುಟ್ಟಿದ ಕುಂದಾಪುರ ಕಡೆಯ ಮೊಗೇರಿಯಂಥ ಊರುಗಳಲ್ಲಿ ಪೂಜೆ ತಗೊಳ್ಳೋ ಭೂತಾನೂ ಹೌದು. ಯಾವ ಅರ್ಥ ಯಾವ ಸಾಲಲ್ಲಿ ಮೇಲೆ ಬರುತ್ತೆ ಅಂತ ಗುರುತು ಹಾಕ್ಕೊಂಡು ಹೋಗಿ, ಎಲ್ಲಾ ಕಡೆ ಎಲ್ಲಾ ಅರ್ಥ ಇದೆ ಅಂತ ತೇಲಿಸಿಬಿಡ್ಬೇಡಿ.

ಪ್ರತಿಮೆ, ಅಂದ್ರೆ ಕವಿತೆ ಕಣ್ಣಮುಂದೆ ತರೋ ಚಿತ್ರ, ಅರ್ಥ ಆಗ್ಬೇಕಾದ್ರೆ ಒಮ್ಮೊಮ್ಮೆ ಲೈಬ್ರರಿಯಿಂದ ಎದ್ದು ಹೊರಗೆ ಬರ್ಬೇಕು. ಕವಿತೇಲಿ ಹುಗಿದ ಹಳೇ ಬಾವಿ, ಅದರೊಳಗಿನ ಹಳಸಿದ ಗಾಳಿ ಬರುತ್ತೆ. ಅದನ್ನ ನಾನು ಬರೀ ಸಂಕೇತ ಅಂತ ಓದಿದ್ದೆ. ಸಕಲೇಶಪುರದ ಹತ್ರ ನಮ್ಮಜ್ಜಿ ಮನೇಲಿ ಪಾಳುಬಿದ್ದ ಬಾವಿ ಹೂಳು ತೆಗೆಸುವಾಗ ಕೆಲಸದೋರು ಇಳಿಯೋಕ್ಕೆ ಮುಂಚೆ ಹಗ್ಗಕ್ಕೆ ಲಾಟೀನು ಕಟ್ಟಿ ಬಿಟ್ರು, ದೀಪ ಆರಿದ್ರೆ ಇಳಿಯಂಗಿಲ್ಲ ಕಣಪ್ಪ, ಒಳಗೆ ಕೆಟ್ಟ ಗಾಳಿ ಇರುತ್ತೆ, ಉಸಿರು ಕಟ್ಟುತ್ತೆ ಅಂದ್ರು ಅಜ್ಜಿ. ಅವತ್ತು ಗೊತ್ತಾಯ್ತು ನಂಗೆ, ಭೂತಕಾಲಕ್ಕೆ ಇಳಿಯೋದು ಅಡಿಗರಿಗೆ ಹಳೇದರ ಮೇಲಿನ ಪ್ರೀತಿ ಅಲ್ಲ, ಜೀವಕ್ಕೆ ಅಪಾಯ ಇರೋ ಕೆಲಸ. ಆದ್ರೂ ಇಳೀಲೇಬೇಕು, ಯಾಕಂದ್ರೆ ಚಿನ್ನದ ಅದಿರು ಇರೋದು ತಳದಲ್ಲೇ, ಅದನ್ನ ಹೊರಗೆ ತೆಗೆದು ಸುಟ್ಟು ಸೋಸೋ ವಿದ್ಯೆ ಇನ್ನಾದ್ರೂ ಕಲೀಬೇಕು ಅಂತ ಕವಿತೆ ಹೇಳುತ್ತೆ. ಬಾವಿ ನೀರು ಕೊಳೆಯೋದು, ಆವಿಯಾಗಿ ಮೇಲೇರೋದು ಇದೆಯಲ್ಲ, ಅದನ್ನ ಅದಿರಿನ ಪ್ರತಿಮೆ ಪಕ್ಕ ಇಟ್ಟು ನೋಡಿ, ಒಂದು ಬೆಂಕೀಲಿ ಶುದ್ಧ ಆಗುತ್ತೆ, ಇನ್ನೊಂದು ತಾನಾಗೇ ಆವಿಯಾಗಿ. ಎರಡೂ ಒಂದೇನಾ? ನಂಗನ್ನಿಸೋದು ಅಲ್ಲ ಅಂತ, ನಿಮಗೇನನ್ನಿಸುತ್ತೋ ಅದನ್ನ ಬರೀರಿ.

ಹಿನ್ನೆಲೆಗೆ ಒಂದು ಪುಟ ಸಾಕು. 1948ರಲ್ಲಿ 'ಕಟ್ಟುವೆವು ನಾವು' ಅಂದ ಕವಿ 1954ರ 'ಚಂಡೆ ಮದ್ದಳೆ' ಹೊತ್ತಿಗೆ 'ಗೊಂದಲಪುರ' ಬರೀತಾರೆ, ಸ್ವಾತಂತ್ರ್ಯದ ಆಸೆ ಆರು ವರ್ಷದಲ್ಲಿ ಏನಾಯ್ತು ಅನ್ನೋದು ಆ ಎರಡು ಹೆಸರಲ್ಲೇ ಇದೆ. ಇಂಗ್ಲಿಷ್ ಕವಿ ಟಿ.ಎಸ್. ಎಲಿಯಟ್ ಪ್ರಭಾವದ ಬಗ್ಗೆ ಬರೆಯೋದಾದ್ರೆ ಸಾಲಿಗೆ ಸಾಲು ಇಟ್ಟು ತೋರಿಸಿ, ಇಲ್ಲಾಂದ್ರೆ ಹೆಸರು ಎತ್ಲೇಬೇಡಿ.

ಒಪ್ಪಿಗೆ ಇಲ್ಲದ್ದನ್ನೂ ಹೇಳಿ, ಅಡಿಗರನ್ನ ಪ್ರೀತಿಸ್ತೀನಿ ಅಂತ ಬಾಯಿ ಮುಚ್ಕೊಂಡಿರ್ಬೇಡಿ. ಕೊನೇಲಿ ಆ ಚಿನ್ನ ಇಷ್ಟದೇವತೆಯ ವಿಗ್ರಹಕ್ಕೆ ಒಗ್ಗಬೇಕು ಅಂತಾರೆ. ಯಾರ ದೇವತೆ? ಆ ಬಾವಿ ನೀರು ಮುಟ್ಟೋಕ್ಕೂ ಬಿಡದೇ ಇದ್ದ ಜನಕ್ಕೆ ಅದರ ತಳದಲ್ಲಿ ಏನು ಸಿಗುತ್ತೆ? ದಲಿತ ಬಂಡಾಯ ಸಾಹಿತ್ಯ ಬಂದಮೇಲೆ ಈ ಪ್ರಶ್ನೆ ಬಿಟ್ಟು 'ಭೂತ' ಓದೋಕ್ಕೆ ನನ್ನಿಂದ ಆಗಲ್ಲ, ಮತ್ತೆ ಈ ಪ್ರಶ್ನೆ ಕೇಳಿದಮೇಲೂ ಆ ಮೊದಲ ಸಾಲು ನನ್ನನ್ನ ಬಿಡಲ್ಲ, ಈ ಎರಡನ್ನೂ ಪಕ್ಕಪಕ್ಕ ಬರೆದಿಡಿ.

ವಿಮರ್ಶೆ ಪುಸ್ತಕ ಈಗ ತೆಗೀರಿ. ನಮ್ಮ ಚಿಕ್ಕಮಗಳೂರು ಜಿಲ್ಲೆ ಕಳಸದ ನವ್ಯ ಕವಿ ಸುಮತೀಂದ್ರ ನಾಡಿಗರು ಇದಾರೆ, ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಇದಾರೆ, ಅನಂತಮೂರ್ತಿ ಇದಾರೆ, ಅವರ ಜೊತೆ ವಾದ ಮಾಡೋಕ್ಕೆ ನಿಮ್ಮ ಹತ್ರ ಈಗ ನಿಮ್ಮದೇ ಓದು ಇದೆ.

ಡ್ರಾಫ್ಟ್ ಆದಮೇಲೆ ಕೆಂಪು ಪೆನ್ನಲ್ಲಿ ಕವಿತೆಯಿಂದ ಬಂದ ಪದಗಳ ಕೆಳಗೆಲ್ಲ ಗೆರೆ ಎಳೀರಿ. ಇಡೀ ಪುಟ ಒಂದೂ ಕೆಂಪು ಗೆರೆ ಬರ್ಲಿಲ್ಲ ಅಂದ್ರೆ ಆ ಪುಟ ತೆಗೆದಿಟ್ಟು ಮತ್ತೆ ಮೊದಲ ಸಾಲಿಂದ ಜೋರಾಗಿ ಓದೋಕ್ಕೆ ಶುರುಮಾಡಿ.