ಕೆರೆ ನೀರಿನ ಪ್ರಾಜೆಕ್ಟ್: ಸ್ಪರ್ಧೆಗೆ ಹೋಗುವ ಮುನ್ನ ಮಾಡಬೇಕಾದ ಕೆಲಸ

ಕೈ ಒಡ್ಡಿದರೆ ಮುಚ್ಚಳ ತೆರೆಯುವ ಕಸದ ತೊಟ್ಟಿ, ಮಣ್ಣು ಒಣಗಿದರೆ ಚಾಲೂ ಆಗುವ ಪಂಪು, ಕತ್ತಲಾದರೆ ಹೊತ್ತಿಕೊಳ್ಳುವ ಬೀದಿದೀಪ. ವಿದ್ಯಾರ್ಥಿಗಳ ವಿಜ್ಞಾನ ಸ್ಪರ್ಧೆಗಳಲ್ಲಿ ಪರಿಸರ ವಿಭಾಗದ ಮೇಜುಗಳ ಮೇಲೆ ಈ ಮೂರು ಪ್ರತಿ ವರ್ಷ ಇದ್ದೇ ಇರುತ್ತವೆ. ಅವು ಕೆಲಸ ಮಾಡುವುದಿಲ್ಲ ಎಂದಲ್ಲ. ಕಸ ಎಷ್ಟು ಕಡಿಮೆಯಾಯಿತು, ನೀರು ಎಷ್ಟು ಉಳಿಯಿತು ಎಂದು ಕೇಳಿದರೆ ಮಕ್ಕಳ ಬಳಿ ಅಂಕಿ ಇರುವುದಿಲ್ಲ. ಸ್ಪರ್ಧೆ ಬಿದ್ದುಹೋಗುವುದು ಅಲ್ಲೇ. ಅಳೆದು ಅಂಕಿ ಪಡೆಯಲು ಊರ ಕೆರೆ ಒಳ್ಳೆಯ ಜಾಗ: ಹತ್ತಿರದಲ್ಲಿದೆ, ಸಮಸ್ಯೆ ಕಣ್ಣಿಗೆ ಕಾಣುತ್ತದೆ, ಬೇಕಾದ ಸೆನ್ಸರ್‌ಗಳು ಶಾಲೆಯ ಕೈಗೆಟುಕುವ ಬೆಲೆಯಲ್ಲಿವೆ.

ಯಾವ ಸ್ಪರ್ಧೆ ಎಂಬುದನ್ನು ಮೊದಲೇ ತೀರ್ಮಾನಿಸಿ, ಏಕೆಂದರೆ ಒಂದೊಂದು ಕೇಳುವುದು ಒಂದೊಂದು. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮತ್ತು ನ್ಯಾಷನಲ್ ಇನ್ನೊವೇಶನ್ ಫೌಂಡೇಶನ್ ನಡೆಸುವ ಇನ್‌ಸ್ಪೈರ್-ಮಾನಕ್‌ಗೆ ಶಾಲೆಯೇ ಆನ್‌ಲೈನ್‌ನಲ್ಲಿ ಐಡಿಯಾ ಕಳುಹಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ, ಆಮೇಲೆ ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೂರು ಹಂತ. ಇಲ್ಲಿ ಐಡಿಯಾದ ಹೊಸತನಕ್ಕೆ ಬೆಲೆ. ಖಾತೆಯ ವಿವರದಲ್ಲಿ ಒಂದು ಅಂಕೆ ತಪ್ಪಿದರೂ ಹಣ ಸಿಕ್ಕಿಹಾಕಿಕೊಳ್ಳುತ್ತದೆ, ಪಾಸ್‌ಬುಕ್ ಎದುರಿಗಿಟ್ಟುಕೊಂಡೇ ಟೈಪ್ ಮಾಡಿ. ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ 1993ರಿಂದ ನಡೆಯುತ್ತಿದ್ದು 10ರಿಂದ 17 ವರ್ಷದವರಿಗೆ ತೆರೆದಿದೆ. ಅಲ್ಲಿ ಮಾದರಿಗಿಂತ ಸ್ಥಳೀಯ ಅಧ್ಯಯನ ಮತ್ತು ದಿನಚರಿ ಪುಸ್ತಕ ಮುಖ್ಯ. ಎಂಜಿನಿಯರಿಂಗ್ ಕೊನೆಯ ವರ್ಷದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದೆ, ಪ್ರಸ್ತಾವನೆ ಕಾಲೇಜಿನ ಮೂಲಕ ಹೋಗಬೇಕು. ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್‌ಗೆ ಆರು ಜನರ ತಂಡ ಬೇಕು, ಅದರಲ್ಲಿ ಒಬ್ಬಳಾದರೂ ವಿದ್ಯಾರ್ಥಿನಿ ಇರಲೇಬೇಕು. ಮುಂದೆ ಹೇಳುವ ಕೆಲಸ ಈ ನಾಲ್ಕಕ್ಕೂ ಹೊಂದುತ್ತದೆ, ಮುಂದಿಡುವ ರೀತಿ ಮಾತ್ರ ಬದಲಾಗುತ್ತದೆ.

ಸಾಧನ ತೇಲಬೇಕಾಗಿಲ್ಲ

ಕೆರೆಯ ನಡುವೆ ತೇಲುತ್ತಾ ಮೊಬೈಲಿಗೆ ಮಾಹಿತಿ ಕಳಿಸುವ ಡಬ್ಬಿ ಚಿತ್ರದಲ್ಲಿ ಚೆನ್ನ. ನಿಜದಲ್ಲಿ ಕೆಲವೇ ದಿನಕ್ಕೆ ಸೆನ್ಸರ್ ಮೇಲೆ ಪಾಚಿ ಕೂರುತ್ತದೆ, ಓದು (ಸೆನ್ಸರ್ ತೋರಿಸುವ ಅಂಕಿ) ದಿನದಿನಕ್ಕೆ ಜಾರುತ್ತದೆ, ಎಮ್ಮೆ ಇಳಿದರೆ ವೈರು ಕಿತ್ತುಬರುತ್ತದೆ. ಡಬ್ಬಿಯೇ ಮಾಯವಾದರೂ ಆಶ್ಚರ್ಯವಿಲ್ಲ. ಕೈಯಲ್ಲಿ ಹಿಡಿದೊಯ್ದು, ದಡದಲ್ಲಿ ಮಗ್ಗಿನೊಳಗೆ ನೀರು ತೆಗೆದು ಅಳೆಯುವ ಪೆಟ್ಟಿಗೆ ಮಾಡಿ. ಖರ್ಚು ಕಡಿಮೆ, ತಪ್ಪು ಹುಡುಕುವುದು ಸುಲಭ.

ಬೇಕಾಗುವ ಸಾಮಾನು: ಒಂದು ಇಎಸ್‌ಪಿ32 ಬೋರ್ಡ್ (ಸೆನ್ಸರ್‌ಗಳನ್ನು ಓದುವ, ವೈಫೈ ಇರುವ ಪುಟ್ಟ ಕಂಪ್ಯೂಟರ್), ನೀರಿಗೆ ಅದ್ದಬಹುದಾದ ಡಿಎಸ್18ಬಿ20 ಉಷ್ಣತಾ ಸೆನ್ಸರ್, ಅನಲಾಗ್ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಸೆನ್ಸರ್, ಅನಲಾಗ್ ಟರ್ಬಿಡಿಟಿ (ಕೆಸರು) ಸೆನ್ಸರ್, ಬೋರ್ಡ್ ಸಹಿತ ಪಿಎಚ್ (ಆಮ್ಲ-ಕ್ಷಾರ) ಪ್ರೋಬ್, 0.96 ಇಂಚಿನ ಓಎಲ್‌ಇಡಿ ಪರದೆ, 4.7 ಕಿಲೋ ಓಮ್‌ನ ಒಂದು ಮತ್ತು 10 ಕಿಲೋ ಓಮ್‌ನ ನಾಲ್ಕು ರೆಸಿಸ್ಟರ್, ಪವರ್ ಬ್ಯಾಂಕ್, ಎರಡು ಕಪ್ಪು ಪ್ಲಾಸ್ಟಿಕ್ ಮಗ್. ಇವುಗಳಲ್ಲಿ ದುಬಾರಿ ಪಿಎಚ್ ಪ್ರೋಬ್. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ಉಳಿದವರು ಆನ್‌ಲೈನ್‌ನಲ್ಲಿ ತರಿಸಬಹುದು. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಯಾದರೆ ಮೊದಲು ಅಲ್ಲಿಯ ಬೀರು ತೆರೆದು ನೋಡಿ. ಯಾವುದನ್ನು ಎಲ್ಲಿ ಕೊಂಡರೂ ಬಿಲ್ಲು ಇಟ್ಟುಕೊಳ್ಳಿ.

ಜೋಡಣೆಯಲ್ಲಿ ಎಡವುವ ಜಾಗಗಳು ಇವು. ಇಎಸ್‌ಪಿ32ಗೆ ಎರಡು ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ) ಘಟಕಗಳಿವೆ. ವೈಫೈ ಚಾಲೂ ಇದ್ದಾಗ ಎರಡನೆಯದು ಓದುವುದಿಲ್ಲ. ಆದ್ದರಿಂದ ಅನಲಾಗ್ ಸೆನ್ಸರ್‌ಗಳನ್ನು 32ರಿಂದ 39ರೊಳಗಿನ ಪಿನ್‌ಗಳಿಗೇ ಕೊಡಿ: ಟರ್ಬಿಡಿಟಿ 34, ಟಿಡಿಎಸ್ 35, ಪಿಎಚ್ 32. ಡಿಎಸ್18ಬಿ20ಯ ಡೇಟಾ ವೈರು 4ನೇ ಪಿನ್‌ಗೆ, ಆ ವೈರು ಮತ್ತು 3.3 ವೋಲ್ಟ್ ನಡುವೆ 4.7 ಕಿಲೋ ಓಮ್ ರೆಸಿಸ್ಟರ್. ಪರದೆಯಲ್ಲಿ ಉಷ್ಣತೆ -127 ಎಂದು ಬಂದರೆ ವೈರು ಬಿಟ್ಟಿದೆ ಅಥವಾ ಆ ರೆಸಿಸ್ಟರ್ ಇಲ್ಲ. 85 ಎಂದು ಬಂದರೆ ಸೆನ್ಸರ್ ಅಳತೆ ಮುಗಿಸುವ ಮೊದಲೇ ನಿಮ್ಮ ಪ್ರೋಗ್ರಾಂ ಓದಿದೆ.

ಟರ್ಬಿಡಿಟಿ ಸೆನ್ಸರ್ 5 ವೋಲ್ಟ್‌ನಲ್ಲಿ ನಡೆಯುತ್ತದೆ, ತಿಳಿನೀರಿನಲ್ಲಿ 4 ವೋಲ್ಟ್‌ಗಿಂತ ಹೆಚ್ಚು ಕೊಡುತ್ತದೆ. ಅದನ್ನು ನೇರ ಇಎಸ್‌ಪಿ32ಗೆ ಕೊಟ್ಟರೆ ಪಿನ್ ಸುಡಬಹುದು. ಎರಡು 10 ಕಿಲೋ ಓಮ್ ರೆಸಿಸ್ಟರ್ ಸಾಲಾಗಿ ಜೋಡಿಸಿ ನಡುವಿನಿಂದ ತೆಗೆದರೆ ವೋಲ್ಟೇಜ್ ಅರ್ಧವಾಗುತ್ತದೆ. ಅರ್ಧ ಯಾಕೆ, 3.3ರ ತನಕ ಏರಿಸಬಹುದಲ್ಲ ಎಂದರೆ, ಈ ಚಿಪ್‌ನ ಎಡಿಸಿ 2.45 ವೋಲ್ಟ್ ದಾಟಿದ ಮೇಲೆ ಸರಿಯಾಗಿ ಓದುವುದಿಲ್ಲ. ಹಾಗೆ ಏರಿಸಿದರೆ ತಿಳಿನೀರಿನ ಓದು ಅಲ್ಲೇ ಬೀಳುವುದರಿಂದ, ಸ್ವಲ್ಪ ಕೆಸರು ಸೇರಿದರೂ ಅಂಕಿ ಅಲ್ಲಾಡದೆ ನಿಂತುಬಿಡುತ್ತದೆ. ಪಿಎಚ್ ಬೋರ್ಡ್‌ಗೂ ಇದೇ ಅರ್ಧ ಮಾಡುವ ಜೋಡಿ ಬೇಕು. ಟಿಡಿಎಸ್ ಸೆನ್ಸರ್ ಕೊಡುವುದು ಹೆಚ್ಚೆಂದರೆ 2.3 ವೋಲ್ಟ್, ಅದನ್ನು ನೇರ ಕೊಡಬಹುದು.

ಟರ್ಬಿಡಿಟಿ ಸೆನ್ಸರ್‌ನ ತುದಿ ಮಾತ್ರ ನೀರು ತಡೆಯುತ್ತದೆ, ಕನೆಕ್ಟರ್ ಇರುವ ತಲೆ ತಡೆಯುವುದಿಲ್ಲ. ತಲೆಗೆ ಸಿಲಿಕೋನ್ ಹಚ್ಚುವಾಗ ಹುಳಿ ವಾಸನೆ ಬರುವ ಬಗೆಯದು ಬೇಡ. ಅದು ಬಿಡುವ ಅಸಿಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದದ್ದನ್ನು ಕೊಳ್ಳಿ, ಒಂದು ದಿನ ಪೂರ್ತಿ ಒಣಗಲು ಬಿಡಿ. ಬಿಸಿಲು ಬಿದ್ದರೂ ಈ ಸೆನ್ಸರ್ ತಪ್ಪು ಹೇಳುತ್ತದೆ, ಕಪ್ಪು ಮಗ್ ಮತ್ತು ಮೇಲೊಂದು ಮುಚ್ಚಳ ಅದಕ್ಕಾಗಿಯೇ.

ಇನ್ನೊಂದು ತೊಡಕಿನ ಮೂಲ ಅನೇಕರಿಗೆ ಕೊನೆಯವರೆಗೂ ಹೊಳೆಯುವುದಿಲ್ಲ. ಟಿಡಿಎಸ್ ಮತ್ತು ಪಿಎಚ್ ಪ್ರೋಬ್ ಒಂದೇ ಮಗ್‌ನಲ್ಲಿದ್ದರೆ ಟಿಡಿಎಸ್‌ನ ವಿದ್ಯುತ್ತು ನೀರಿನ ಮೂಲಕ ಹರಿದು ಪಿಎಚ್ ಓದನ್ನು ಕೆಡಿಸುತ್ತದೆ. ಒಂದೊಂದೇ ಅದ್ದಿದಾಗ ಎರಡೂ ಸರಿ, ಒಟ್ಟಿಗೆ ಅದ್ದಿದಾಗ ಹುಚ್ಚಾಟ. ಮಗ್ ಎರಡು ಬೇಕೆಂದದ್ದು ಇದಕ್ಕೇ.

ಕ್ಯಾಲಿಬ್ರೇಶನ್

ಬೆಲೆ ಗೊತ್ತಿರುವ ದ್ರಾವಣದಲ್ಲಿ ಅದ್ದಿ ಸೆನ್ಸರ್‌ನ ಓದನ್ನು ಸರಿಪಡಿಸಿಕೊಳ್ಳುವುದೇ ಕ್ಯಾಲಿಬ್ರೇಶನ್. ಟಿಡಿಎಸ್‌ಗೆ ಬೇಕಾದ 500 ಪಿಪಿಎಂ (ಲೀಟರ್‌ಗೆ 500 ಮಿಲಿಗ್ರಾಂ) ದ್ರಾವಣ ನೀವೇ ಮಾಡಬಹುದು. ಅರ್ಧ ಗ್ರಾಂ ಉಪ್ಪು ತೂಗುವುದು ಶಾಲೆಯ ತಕ್ಕಡಿಯಲ್ಲಿ ಕಷ್ಟ. ಆದ್ದರಿಂದ 5 ಗ್ರಾಂ ಸೋಡಿಯಂ ಕ್ಲೋರೈಡನ್ನು ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ 1 ಲೀಟರ್ ಮಾಡಿ. ಅದರಿಂದ 100 ಮಿ.ಲೀ. ತೆಗೆದು, ಮತ್ತೆ ಡಿಸ್ಟಿಲ್ಡ್ ನೀರು ಸೇರಿಸಿ 1 ಲೀಟರ್‌ಗೆ ತನ್ನಿ. ಅಡುಗೆ ಉಪ್ಪಿನಲ್ಲಿ ತೇವವಿರುತ್ತದೆ, ಕೆಮಿಸ್ಟ್ರಿ ಲ್ಯಾಬಿನದು ಮೇಲು. ಉಷ್ಣತೆ 25 ಡಿಗ್ರಿಗಿಂತ ಪ್ರತಿ ಡಿಗ್ರಿ ಏರಿದಂತೆ ಓದು ಸುಮಾರು ಶೇ. 2 ಏರುತ್ತದೆ. 30 ಡಿಗ್ರಿಯ ನೀರಿನಲ್ಲಿ 550 ಬಂದರೆ 1.10ರಿಂದ ಭಾಗಿಸಿ, 500. ಈ ತಿದ್ದುಪಡಿ ಬಿಟ್ಟರೆ ಬೆಳಗಿನ ಮತ್ತು ಮಧ್ಯಾಹ್ನದ ನೀರಿನಲ್ಲಿ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಪಿಎಚ್ ಬಫರ್ (ಪಿಎಚ್ ಬೆಲೆ ಗೊತ್ತಿರುವ ದ್ರಾವಣ) ಮಾಡುವ ಪುಡಿಗಳು 4.00, 6.86 ಮತ್ತು 9.18 ಎಂದು ಪೊಟ್ಟಣಗಳಲ್ಲಿ ಸಿಗುತ್ತವೆ. ಹೆಚ್ಚಿನವರು 4.00 ಮತ್ತು 6.86 ಹಿಡಿಯುತ್ತಾರೆ. ಹಸಿರುಗಟ್ಟಿದ ಕೆರೆಯ ಪಿಎಚ್ ಏಳಕ್ಕಿಂತ ಮೇಲಿರುವುದೇ ಹೆಚ್ಚು, ಹಾಗಾಗಿ 6.86 ಮತ್ತು 9.18 ಹಿಡಿಯಿರಿ, ಅಳೆಯುವ ಬೆಲೆ ಎರಡರ ನಡುವೆ ಬೀಳಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಟಿಶ್ಯೂವಿನಿಂದ ಒತ್ತಿ ತೇವ ತೆಗೆಯಿರಿ. ಗಾಜಿನ ಗುಂಡನ್ನು ಉಜ್ಜಬಾರದು. ಪ್ರೋಬನ್ನು ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿಡುವುದು ಅದನ್ನು ಕೊಲ್ಲುವ ನಿಧಾನದ ದಾರಿ, ಅದಕ್ಕೆ ಬೇಕಾದದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ.

ಟರ್ಬಿಡಿಟಿಗೆ ಬೇಕಾದ ಫಾರ್ಮಜಿನ್ ದ್ರಾವಣವನ್ನು ಶಾಲೆಯಲ್ಲಿ ತಯಾರಿಸಲು ಹೋಗಬೇಡಿ, ಅದಕ್ಕೆ ಬಳಸುವ ಹೈಡ್ರಜಿನ್ ಸಲ್ಫೇಟ್ ವಿಷ. ನಯವಾದ ಜೇಡಿಮಣ್ಣು ಕಲಸಿದ ಐದು ಬಾಟಲಿಗಳನ್ನು, ಒಂದಕ್ಕಿಂತ ಒಂದು ತೆಳುವಾಗಿ, ಮಾಡಿಕೊಳ್ಳಿ. ಅವನ್ನು ಜಿಲ್ಲೆಯ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಎನ್‌ಟಿಯು (ಕೆಸರು ಅಳೆಯುವ ಮಾನ) ಲೆಕ್ಕದಲ್ಲಿ ಅಳೆಸಿ, ನಿಮ್ಮ ಸೆನ್ಸರ್‌ನ ವೋಲ್ಟೇಜ್ ಜೊತೆ ಗ್ರಾಫ್ ಹಾಕಿ. ಪ್ರತಿ ಸಲ ಅಳೆಯುವ ಮುಂಚೆ ಬಾಟಲಿ ಅಲುಗಿಸಬೇಕು, ಮಣ್ಣು ಬೇಗ ತಳ ಸೇರುತ್ತದೆ. ಪ್ರಯೋಗಾಲಯ ದೂರವಾದರೆ ‘ಸಾಪೇಕ್ಷ ಕೆಸರು’ ಎಂದಷ್ಟೇ ಬರೆಯಿರಿ, ಎನ್‌ಟಿಯು ಎಂದು ಬರೆಯಬೇಡಿ. ಜಲ ಜೀವನ್ ಮಿಷನ್‌ನಡಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ಪರೀಕ್ಷಾ ಕಿಟ್ ಸಿಕ್ಕರೆ ಪಿಎಚ್ ಓದನ್ನು ಅದರ ಜೊತೆಯೂ ಹೋಲಿಸಬಹುದು.

ನಾಲ್ಕು ವಾರ ಅಳತೆ

ಮೂರು ಜಾಗ ಆರಿಸಿ: ನೀರು ಒಳಬರುವ ಕಾಲುವೆಯ ಬಾಯಿ, ಏರಿಯ ನಡುಭಾಗ, ಕೋಡಿಯ ಹತ್ತಿರ. ವಾರಕ್ಕೆ ಎರಡು ದಿನ, ದಿನಕ್ಕೆ ಎರಡು ಹೊತ್ತು, ಬೆಳಿಗ್ಗೆ 6.30 ಮತ್ತು ಮಧ್ಯಾಹ್ನ 3. ನಾಲ್ಕು ವಾರಕ್ಕೆ 48 ಮಾದರಿ. ಪ್ರತಿಯೊಂದನ್ನೂ ಮೂರು ಸಲ ಓದಿ ನಡುವಿನ ಬೆಲೆ ಬರೆದುಕೊಳ್ಳಿ. ನೀರಿಗೆ ಯಾರೂ ಇಳಿಯಬಾರದು. ಭಾರ ಕಟ್ಟಿದ ಬಾಟಲಿಯನ್ನು ಹಗ್ಗದಲ್ಲಿ ಇಳಿಬಿಟ್ಟು ನೀರು ತೆಗೆಯಿರಿ, ಜೊತೆಗೊಬ್ಬ ದೊಡ್ಡವರು ಇರಲಿ. ಹಿಂದಿನ ದಿನ ಮಳೆ ಬಂತೇ, ದನ ತೊಳೆದರೇ, ಗಣಪತಿ ಬಿಟ್ಟರೇ ಎಂಬುದೂ ಪುಸ್ತಕದಲ್ಲಿರಲಿ.

ಎರಡು ಹೊತ್ತು ಯಾಕೆಂದರೆ, ಪಾಚಿ ಹಗಲಿನಲ್ಲಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ಕಾರ್ಬಾನಿಕ್ ಆಮ್ಲ ಕಡಿಮೆಯಾಗಿ ಪಿಎಚ್ ಏರುತ್ತದೆ. ರಾತ್ರಿ ಉಸಿರಾಟದಿಂದ ಅದು ಇಳಿಯುತ್ತದೆ, ಕರಗಿದ ಆಮ್ಲಜನಕವೂ ನಸುಕಿನ ಹೊತ್ತಿಗೆ ಅತಿ ಕಡಿಮೆ. ದಟ್ಟ ಹಸಿರು ಕೆರೆಯಲ್ಲಿ ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಪಿಎಚ್‌ನಲ್ಲಿ ಒಂದರಷ್ಟು ವ್ಯತ್ಯಾಸ ಬಂದರೆ ಅದು ಸೆನ್ಸರ್‌ನ ತಪ್ಪಲ್ಲ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ಅಳೆದ ತಂಡ ‘ನೀರು ಕೆಟ್ಟಿತು’ ಎಂದು ತೀರ್ಮಾನಿಸಿಬಿಡುತ್ತದೆ. ಪಿಯು ಕಾಲೇಜಿನ ಲ್ಯಾಬ್ ಸಿಕ್ಕರೆ ವಿಂಕ್ಲರ್ ವಿಧಾನದಲ್ಲಿ ನಸುಕಿನ ನೀರಿನ ಆಮ್ಲಜನಕವನ್ನೂ ಟೈಟ್ರೇಟ್ ಮಾಡಿ. ಮೀನುಗಾರಿಕೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳುವುದು ಲೀಟರ್‌ಗೆ ಕನಿಷ್ಠ 4 ಮಿಲಿಗ್ರಾಂ.

ಪರಿಹಾರವನ್ನೂ ಅಳೆಯಿರಿ

ಅಳತೆಯಷ್ಟೇ ಇದ್ದರೆ ಅದು ವರದಿ, ಪರಿಹಾರ ಅಲ್ಲ. ಸುಲಭವಾಗಿ ಪರೀಕ್ಷಿಸಬಹುದಾದದ್ದು ಒಳಕಾಲುವೆಯ ಬಾಯಿಗೆ ಜಲ್ಲಿ ಮತ್ತು ಜೊಂಡಿನ ಪಾತಿ. 40 ಲೀಟರ್‌ನ ಎರಡು ಟಬ್ ತೆಗೆದುಕೊಳ್ಳಿ. ಎರಡಕ್ಕೂ ಕೆಳಗೆ 5 ಸೆಂ.ಮೀ. 20 ಎಂಎಂ ಜಲ್ಲಿ, ಮೇಲೆ 15 ಸೆಂ.ಮೀ. ಬೇಬಿ ಜಲ್ಲಿ. ಒಂದರಲ್ಲಿ ಮಾತ್ರ ಆರು ಜೊಂಡಿನ ಗಿಡ ನೆಟ್ಟು ಮೂರು ವಾರ ಬೇರೂರಲು ಬಿಡಿ, ಕೆರೆಯ ಅಳತೆ ನಡೆಯುವಾಗಲೇ ಇದನ್ನು ಶುರುಮಾಡಿದರೆ ಸಮಯ ಉಳಿಯುತ್ತದೆ. ಜಲ್ಲಿಯ ಸಂದುಗಳಲ್ಲಿ ಹಿಡಿಯುವುದು ಸುಮಾರು ಹತ್ತು ಲೀಟರ್. ತಲಾ 10 ಲೀಟರ್ ಕಾಲುವೆ ನೀರು ಹಾಕಿ, 24 ಗಂಟೆ ಬಿಟ್ಟು ತೆಗೆದು, ಮುಂಚೆ ಮತ್ತು ಆಮೇಲೆ ಅಳೆಯಿರಿ. ಕನಿಷ್ಠ ಐದು ಸಲ. ಗಿಡವಿಲ್ಲದ ಟಬ್ ಇರದಿದ್ದರೆ ತಿಳಿಯಾದದ್ದು ಜೊಂಡಿನಿಂದಲೋ ಜಲ್ಲಿಯಿಂದಲೋ ಹೇಳಲಾಗದು. ಜಲ್ಲಿಯನ್ನು ತಿಳಿನೀರು ಬರುವವರೆಗೆ ತೊಳೆಯದಿದ್ದರೆ ಮೊದಲ ವಾರ ಕೆಸರು ಏರಿದಂತೆಯೇ ತೋರುತ್ತದೆ.

ಟಿಡಿಎಸ್ ಇಳಿಯುತ್ತದೆ ಎಂದು ಪೋಸ್ಟರ್‌ನಲ್ಲಿ ಬರೆಯಬೇಡಿ. ಪಾತಿ ಕೆಸರನ್ನು ಹಿಡಿಯುತ್ತದೆ, ಕರಗಿದ ಉಪ್ಪನ್ನು ಹೆಚ್ಚೇನೂ ಹಿಡಿಯುವುದಿಲ್ಲ. ಗಿಡ ನೀರು ಹೀರಿ ಆವಿ ಮಾಡುವುದರಿಂದ ಟಿಡಿಎಸ್ ಏರಿಯೂ ಇರಬಹುದು. ಏರಿದ್ದರೆ ಏರಿದ್ದನ್ನೇ ಗ್ರಾಫ್‌ನಲ್ಲಿ ಹಾಕಿ ಕಾರಣ ಬರೆಯಿರಿ, ತೀರ್ಪುಗಾರರ ನಂಬಿಕೆ ಗಳಿಸಲು ಇದಕ್ಕಿಂತ ಒಳ್ಳೆಯ ಗೆರೆ ಇನ್ನೊಂದಿಲ್ಲ. ಜೊಂಡಿನ ಐಡಿಯಾ ಹೊಸದೇನಲ್ಲ: ಬೆಂಗಳೂರಿನ ಹೆಬ್ಬಗೋಡಿ ಕೆರೆಯಲ್ಲಿ, ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ ತೇಲುವ ಗಿಡದ ದ್ವೀಪಗಳನ್ನು ಬಿಟ್ಟಿದ್ದಾರೆ. ಹಾಗಾಗಿ ನಿಮ್ಮದೆಂಬ ತಿರುವು ಯಾವುದೆಂದು ಒಂದು ಸಾಲಿನಲ್ಲಿ ಹೇಳಲು ಬರಬೇಕು. ಹೂಳು ತುಂಬಿದ ಜಲ್ಲಿಯನ್ನು ಎತ್ತಿ ತೊಳೆಯಬಹುದಾದ ಬುಟ್ಟಿಯೋ, ಊರಿನ ಕಾಲುವೆಯ ಅಗಲಕ್ಕೆ ಹೊಂದುವ ಚೌಕಟ್ಟೋ ಆಗಬಹುದು.

ಮೇಜಿನ ಮುಂದೆ

ಪೋಸ್ಟರ್‌ಗೆ ಒಂದೇ ದೊಡ್ಡ ಗ್ರಾಫ್ ಸಾಕು, ಎರಡು ಟಬ್‌ಗಳ ಹೋಲಿಕೆ. ಮೂರು ಗಾಜಿನ ಜಾಡಿಯಲ್ಲಿ ನಲ್ಲಿ ನೀರು, ಕೆರೆ ನೀರು, ಪಾತಿಯಿಂದ ಬಂದ ನೀರು ಇಡಿ. ‘ಈ ನೀರು ಕುಡಿಯಬಹುದಾ?’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಹೇಳುವ ಅಪೇಕ್ಷಿತ ಮಿತಿ ಟಿಡಿಎಸ್ 500, ಪಿಎಚ್ 6.5ರಿಂದ 8.5. ನಿಮ್ಮ ಓದು ಅದರೊಳಗೆ ಬಂದರೂ ಉತ್ತರ ‘ಹೇಳಲಾಗದು’ ಎಂದೇ. ಈ ಪೆಟ್ಟಿಗೆಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ, ಫ್ಲೋರೈಡ್ ಕಾಣುವುದಿಲ್ಲ.

ಓದನ್ನು ಫೋನಿನಲ್ಲೂ ತೋರಿಸುವುದಾದರೆ ಸಭಾಂಗಣದ ವೈಫೈ ನಂಬಬೇಡಿ. ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಇಎಸ್‌ಪಿ32ಗೆ ಅದು ಕಾಣಿಸುವುದೇ ಇಲ್ಲ, 2.4ಕ್ಕೆ ಬದಲಿಸಿ. ಕೆಲವು ಪವರ್ ಬ್ಯಾಂಕ್‌ಗಳು ಕರೆಂಟ್ ಕಡಿಮೆ ಎಳೆದರೆ ತಾವೇ ಆರಿಹೋಗುತ್ತವೆ. ಮನೆಯಲ್ಲಿ ಎರಡು ಗಂಟೆ ಬಿಡದೆ ನಡೆಸಿ ನೋಡಿದರೆ ನಿಮ್ಮದು ಯಾವ ಬಗೆ ಎಂದು ತಿಳಿಯುತ್ತದೆ. ಬೆಳಿಗ್ಗೆ ಮೇಜಿಗೆ ಬಂದ ಕೂಡಲೇ 6.86ರ ಬಫರ್‌ನಲ್ಲಿ ಒಂದು ಸಲ ಅದ್ದಿ ಓದು ಸರಿಯಿದೆಯೇ ನೋಡಿಕೊಳ್ಳಿ, ಬಸ್ಸಿನ ಕುಲುಕಾಟದಲ್ಲಿ ಕನೆಕ್ಟರ್ ಸಡಿಲವಾಗಿರುತ್ತದೆ. ಸಂಜೆ ಸಾಮಾನು ಕಟ್ಟುವಾಗ ಪಿಎಚ್ ಪ್ರೋಬನ್ನು ತೊಳೆದು, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ತುಂಬಿದ ಮುಚ್ಚಳ ಹಾಕಿ ನೆಟ್ಟಗೆ ನಿಲ್ಲಿಸಿ. ಜಿಲ್ಲೆಯಿಂದ ರಾಜ್ಯಕ್ಕೆ ಹೋಗುವ ಹೊತ್ತಿಗೆ ಅದೇ ಪ್ರೋಬ್ ಮತ್ತೆ ಬೇಕಾಗುತ್ತದೆ.